ಮೊದಲು ಕಿವಿಗೆ ಬಿದ್ದ ಮಾತು

"ಬೇಡ," ಅಂದೆ ನಾನು, ಬಾಗಿಲನ್ನು ಭುಜದಿಂದ ತಳ್ಳುತ್ತ.

ಒಂದು ಕೈಯಲ್ಲಿ ಎಕ್ಸ್‌ರೇ ಕವರು, ಇನ್ನೊಂದರಲ್ಲಿ ಒಗೆದು ಹಿಂಡಿದ ಟವೆಲ್ಲು. ಹಿಂದಿನಿಂದ ಕೆಟಲ್ ಹಿಡಿದವನು "ಟೀ, ಅಕ್ಕಾ?" ಅಂತ ಕೇಳಿದ್ದ. ನಾನು ತಿರುಗಿಯೂ ನೋಡದೆ ಬೇಡ ಅಂದಿದ್ದೆ. ಅಷ್ಟೇ ಆಗಿದ್ದು.

ಮಂಚದ ಮೇಲೆ ಕಣ್ಣು ಮುಚ್ಚಿ, ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ ಅಪ್ಪ ಕಣ್ಣು ತೆರೆದ.

"ಆಯ್ತು. ಹೇಳ್ಬಿಟ್ಟ."

"ಯಾರು? ಏನು ಹೇಳಿದ್ರು?"

ಕಿಟಕಿಯ ಪಕ್ಕದ ಸ್ಟೂಲಿನಲ್ಲಿದ್ದ ಅತ್ತೆ, ಅಪ್ಪನ ತಂಗಿ, ಎರಡೂ ಕೈ ಜೋಡಿಸಿ ಕಣ್ಣಿಗೆ ಒತ್ತಿಕೊಂಡಳು. "ಬೇಡ ಅಂತ ಬಂತಲ್ಲೇ. ಆಪರೇಷನ್ ಬೇಡ."

ಟವೆಲ್ಲು ಕೈ ಜಾರಿ ನೆಲಕ್ಕೆ ಬಿತ್ತು. ಇನ್ನೊಮ್ಮೆ ಒಗೆಯಬೇಕು.

"ನಾನು ಟೀ ಬೇಡ ಅಂದೆ!"

"ನೀನು ಅಂದಿದ್ದು ಟೀಗೆ," ಅಂದಳು ಅತ್ತೆ. "ಕೇಳಿಸಿದ್ದು ಕಾಲಿಗೆ."

ನಮ್ಮ ಮನೆಯಲ್ಲಿ ಇದಕ್ಕೆ 'ಕಿವಿ ಕೊಡೋದು' ಎಂದು ಹೆಸರು. ದೊಡ್ಡದೇನಾದರೂ ತೀರ್ಮಾನ ಮಾಡಬೇಕಾದಾಗ ಅಪ್ಪ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ದೇವರನ್ನು ಮನಸ್ಸಿನಲ್ಲೇ ಕೇಳುತ್ತಾನೆ. ಆಮೇಲೆ ಮೊದಲು ಕಿವಿಗೆ ಬಿದ್ದ ಮಾತು ಯಾವುದೋ ಅದೇ ಉತ್ತರ. ಯಾರು ಆಡಿದರು, ಯಾರಿಗೆ ಆಡಿದರು, ಯಾಕೆ ಆಡಿದರು ಎಂಬುದೆಲ್ಲ ಬೇಕಿಲ್ಲ. ಈಗಿನ ಮನೆಗೆ ನಾವು ಬಾಡಿಗೆಗೆ ಬಂದದ್ದು, ಯಾರೋ ಹೆಂಗಸು ತನ್ನ ಮಗುವಿಗೆ "ಒಳಗೆ ಬಾರೋ, ಬಿಸಿಲಲ್ಲಿ ಸಾಯ್ಬೇಡ" ಅಂತ ಗದರಿದ್ದಕ್ಕೆ. ನಾನು ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ಹೆಸರು ಹೇಳುವ ಕೆಲಸಕ್ಕೆ ಸೇರಿದ್ದು, ಬೀದಿಯಲ್ಲಿ ಯಾರೋ ಯಾರಿಗೋ "ಸ್ವಲ್ಪ ಜೋರಾಗಿ ಕೂಗೇ" ಅಂದದ್ದಕ್ಕೆ. ಅದು ಒಳ್ಳೆಯ ಕೆಲಸ, ಇಲ್ಲವೆನ್ನುವುದಿಲ್ಲ. ಆದರೆ ಗಡಿಯಾರ ರಿಪೇರಿಯವನು ನನ್ನನ್ನು ಕೇಳಿಕೊಂಡು ಬಂದ ದಿನ ಪಕ್ಕದ ಮನೆಯಾಕೆ ನಲ್ಲಿಯ ಹತ್ತಿರ "ಸಾಕು, ನಿಲ್ಸು" ಅಂದುಬಿಟ್ಟಳು. ಅವಳ ಬಕೆಟ್ಟು ತುಂಬಿತ್ತು, ನನ್ನ ಮದುವೆ ನಿಂತಿತು. ಅವನ ಅಂಗಡಿ ಈಗಲೂ ನಿಲ್ದಾಣದ ಎದುರಿಗೇ ಇದೆ. ಗಾಡಿ ತಡವಾಗಿ ಬರುತ್ತದೆ ಎಂದು ನಾನು ಹೇಳಿದಾಗಲೆಲ್ಲ ಅವನಿಗೆ ಕೇಳಿಸುತ್ತದೆ. ಕೇಳಿಸಲಿ ಎಂದೇ ಕೆಲವು ಸಲ ಎರಡೆರಡು ಬಾರಿ ಹೇಳುತ್ತೇನೆ.

ಅಪ್ಪ ಶೂ ಮಾಡುವವನು. ಕಾಲಿನ ಅಳತೆ ತೆಗೆದುಕೊಂಡು, ಆ ಕಾಲಿಗೇ ಎಂದು ಹೊಲಿಯುವ ಶೂ. ಗಿರಾಕಿಗಳ ಮುಖ ಅವನಿಗೆ ನೆನಪಿರುವುದಿಲ್ಲ. "ಯಾರು? ಆ ಎಡಗಾಲು ಅಗಲ ಇರೋ ಲಾಯರಾ?" ಅನ್ನುತ್ತಾನೆ. ಅಂಗಡಿಯೊಳಗೆ ಮಾತ್ರ ಅವನದು ಯಾವಾಗಲೂ ಬರಿಗಾಲು. ತೊಗಲಿನ ಚೂರಿನ ಮೇಲೆ ನಡೆದರೆ ಅದರ ದಪ್ಪ ಪಾದಕ್ಕೆ ಗೊತ್ತಾಗುತ್ತದಂತೆ. ಸಕ್ಕರೆ ಕಾಯಿಲೆ ಬಂದ ಮೇಲೆ ಆ ಪಾದಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ ಎನ್ನುವುದು ನಮಗಾರಿಗೂ ಗೊತ್ತಾಗಿರಲಿಲ್ಲ. ಅವನದೇ ಮೊಳೆ ಅವನದೇ ಎಡಗಾಲಿಗೆ ಹೊಕ್ಕು, ಎಷ್ಟು ದಿನ ಅದರ ಮೇಲೇ ಓಡಾಡಿದನೋ. ಅತ್ತೆ ಮನೆ ಒರೆಸುವಾಗ ನೆಲದ ಮೇಲೆ ಒಂದೇ ಪಾದದ ರಕ್ತದ ಗುರುತು ಕಂಡು ಕೂಗಿಕೊಂಡಳು. ಅಷ್ಟರಲ್ಲಿ ಬೆರಳುಗಳು ಕಪ್ಪಾಗಿದ್ದವು.

ಬೆಳಿಗ್ಗೆ ಡಾಕ್ಟರಮ್ಮ ಬಂದು, ಕೆಂಪು ಎಲ್ಲಿಯವರೆಗೆ ಏರಿದೆಯೋ ಅಲ್ಲಿ, ಕಣಕಾಲಿನ ಮೇಲೆ, ಪೆನ್ನಿನಿಂದ ಗೆರೆ ಎಳೆದಿದ್ದರು. ಪಾದ ತೆಗೆದರೆ ಕಾಲು ಉಳಿಯುತ್ತದೆ, ತಡ ಮಾಡಿದರೆ ಮಂಡಿಯವರೆಗೆ ತೆಗೆಯಬೇಕು, ಇನ್ನೂ ತಡ ಮಾಡಿದರೆ ಮನುಷ್ಯನೇ ಉಳಿಯುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದ್ದರು. ಅಪ್ಪ ಎಲ್ಲವನ್ನೂ ವಿನಯದಿಂದ ಕೇಳಿ, "ಒಂದ್ ಮಾತು ಕೇಳ್ಬಿಟ್ಟು ಹೇಳ್ತೀನಿ" ಅಂದಿದ್ದ. ಮನೆಯವರನ್ನು ಕೇಳುತ್ತಾನೆ ಅಂದುಕೊಂಡು ಅವರು ತಲೆಯಾಡಿಸಿ ಹೋಗಿದ್ದರು. ಪಾಪ.

ಈಗ ಮತ್ತೆ ಬಂದರು.

"ಏನು ತೀರ್ಮಾನ ಮಾಡಿದ್ರಿ, ಯಜಮಾನ್ರೇ?"

"ಬೇಡ ಅಂತ ಬಂತು ತಾಯಿ."

"ಎಲ್ಲಿಂದ ಬಂತು?"

ಅಪ್ಪ ಗಲ್ಲ ಎತ್ತಿ ಸೂರಿನ ಕಡೆ ತೋರಿಸಿದ. ಡಾಕ್ಟರಮ್ಮ ಮೇಲೆ ನೋಡಿದರು. ಮೇಲಿನ ಮಹಡಿಯಲ್ಲಿ ಆಸ್ಪತ್ರೆಯ ಆಫೀಸಿತ್ತು.

"ಅವರಿಗೇನು ಗೊತ್ತು ಇದೆಲ್ಲಾ?" ಅಂದರು.

"ಆಫೀಸಿನವರಲ್ಲ ಡಾಕ್ಟ್ರೇ," ಅಂದೆ ನಾನು. "ದೇವರು. ನಾನು ಹೊರಗೆ ಟೀ ಬೇಡ ಅಂದೆ. ಅದನ್ನ ಇವರು ದೇವರು ಆಪರೇಷನ್ ಬೇಡ ಅಂದ ಅಂತ ಹಿಡ್ಕೊಂಡು ಕೂತಿದ್ದಾರೆ."

ಅವರು ನನ್ನನ್ನು ನೋಡಿದ ರೀತಿಗೆ, ತಪ್ಪು ಪ್ಲಾಟ್‌ಫಾರಮ್ಮಿನಲ್ಲಿ ನಿಂತು ನನ್ನನ್ನು ಬೈಯುವ ಪ್ರಯಾಣಿಕರೇ ವಾಸಿ. ಟೀ ಯಾಕೆ ಬೇಡ ಅಂದೆ ಎಂದು ಕೇಳುತ್ತಾರೇನೋ ಅನ್ನಿಸಿತು.

"ನೋಡಿ ಯಜಮಾನ್ರೇ," ಅಂದರು ಕೊನೆಗೆ, "ನಾನೂ ದೇವರನ್ನ ನಂಬೋಳೇ. ಥಿಯೇಟರ್ ಒಳಗೆ ಹೋಗೋ ಮುಂಚೆ ಕೈ ಮುಗೀತೀನಿ. ಮುಗಿದ ಕೈ ತೊಳ್ಕೊಂಡೇ ಚಾಕು ಹಿಡೀತೀನಿ. ಇವತ್ತಿನವರೆಗೆ ಅವನೂ ಬೇಜಾರು ಮಾಡ್ಕೊಂಡಿಲ್ಲ. ಇನ್ನೊಂದ್ಸಲ ಯೋಚನೆ ಮಾಡಿ. ಒಪ್ಪಿಗೆ ನಿಮ್ಮ ಬಾಯಿಂದ್ಲೇ ಬರ್ಬೇಕು, ನಿಮ್ಮ ಮಗಳು ಹೇಳಿದ್ರೆ ನಡೆಯಲ್ಲ. ಒಪ್ಪಿದ ಘಳಿಗೆಯಿಂದ ಬಾಯಿಗೆ ಏನೂ ಹಾಕೋ ಹಾಗಿಲ್ಲ. ನೀರೂ ಇಲ್ಲ, ನಿಮ್ಮ ಟೀನೂ ಇಲ್ಲ."

ಅಪ್ಪನ ಕೈಯಲ್ಲಿ ಆಗಲೂ ಟೀ ಲೋಟ ಇತ್ತು. ಬೆಳಗಿನಿಂದ ಎಷ್ಟನೆಯದೋ. ಸಕ್ಕರೆ ಹಾಕದ ಟೀಯನ್ನು ಕಷಾಯ ಎಂದು ಬೈದುಕೊಳ್ಳುತ್ತಲೇ ಕುಡಿಯುತ್ತಿದ್ದ. ಕೊಟ್ಟ ಟೀಯನ್ನು ಅವನು ಬೇಡ ಅಂದದ್ದನ್ನು ನಾನಂತೂ ನೋಡಿಲ್ಲ. ಜ್ವರದಲ್ಲೂ ಇಲ್ಲ, ಅಮ್ಮ ತೀರಿಕೊಂಡ ದಿನವೂ ಇಲ್ಲ.

ಅತ್ತೆಯನ್ನು ಕಾರಿಡಾರಿಗೆ ಎಳೆದುಕೊಂಡು ಹೋದೆ. ಕಿವಿ ಕೊಡುವುದರ ಕಾನೂನು ಪೂರ್ತಿ ಗೊತ್ತಿರುವವಳು ಅವಳೊಬ್ಬಳೇ. ಮನುಷ್ಯರ ಬಾಯಿಂದ ನೇರ ಬಂದದ್ದಾಗಿರಬೇಕು. ರೇಡಿಯೋ ನಡೆಯುವುದಿಲ್ಲ. ಎದುರುಮನೆಯ ಗಿಳಿ ನಡೆಯುತ್ತದೋ ಇಲ್ಲವೋ ಎಂದು ಒಮ್ಮೆ ಅಣ್ಣ ತಂಗಿ ಎರಡು ದಿನ ಮಾತು ಬಿಟ್ಟಿದ್ದರು. ಮೈಕಿನಿಂದ ಬಂದದ್ದಂತೂ ಲೆಕ್ಕಕ್ಕೇ ಇಲ್ಲ. ಎಂದರೆ ನಾನು ದಿನವಿಡೀ ಕೂಗುವುದರಲ್ಲಿ ದೇವರಿಗೆ ಒಂದು ಅಕ್ಷರದ ಪಾಲೂ ಇಲ್ಲ. ಅದೊಂದು ಸಮಾಧಾನ.

"ಅತ್ತೆ, ಪ್ರಶ್ನೆ ಗೊತ್ತಿರೋರು ಆಡಿದ ಮಾತು ನಡೆಯಲ್ಲ ಅಂತ ನೀನೇ ಹೇಳಿದ್ದೆ. ನಂಗೆ ಪ್ರಶ್ನೆ ಗೊತ್ತಿತ್ತಲ್ಲ."

"ಗೊತ್ತಿತ್ತು. ಆದ್ರೆ ಆಗ ನಿನ್ನ ತಲೇಲಿ ಏನಿತ್ತು?"

"ಟವೆಲ್ಲು."

"ನೋಡು! ಗೊತ್ತಿದ್ದೂ ನೆನಪಿಲ್ಲದೆ ಬಂದ ಮಾತು. ಅದಕ್ಕಿಂತ ಚೊಕ್ಕ ಇನ್ನೊಂದಿಲ್ಲ."

"ಅತ್ತೆ, ನಿನ್ನ ಅಣ್ಣ ಸಾಯ್ತಾನೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಂಗೇನು ಆಸೆನಾ ಮೈಕೂ?" ಅಂದಳು. ಕೆಲಸಕ್ಕೆ ಸೇರಿದ ದಿನದಿಂದ ನಾನು ಅವಳಿಗೆ ಮೈಕು. "ಕೂಸಾಗಿದ್ದಾಗ ಆ ಕಾಲ ಮೇಲೆ ನಿಲ್ಲಿಸ್ಕೊಂಡು ನಂಗೆ ನಡೆಯೋದು ಕಲಿಸಿದ್ದ. ಕತ್ತರಿಸ್ರಪ್ಪ ಅಂತ ನನ್ನ ಬಾಯಲ್ಲಿ ಬರುತ್ತಾ?"

"ನಿನ್ನ ಬಾಯಲ್ಲಿ ಬರೋದು ಬೇಡ. ಇನ್ನೊಂದ್ಸಲ ಕೇಳೋಕೆ ದಾರಿ ಇದೆಯಾ, ಅಷ್ಟು ಹೇಳು."

ಅತ್ತೆ ಕಾರಿಡಾರಿನ ಎರಡೂ ಕಡೆ ನೋಡಿದಳು. "ಜಾಗ ಬದಲಾಯಿಸಿದ್ರೆ ಕೇಳ್ಬಹುದು," ಅಂದಳು, ಯಾರಿಗೂ ಹೇಳಬಾರದ ಗುಟ್ಟಿನಂತೆ. "ಒಂದೇ ಒಂದ್ಸಲ."

ಕೆಟಲ್‌ನವನು ಮೆಟ್ಟಿಲ ಕೆಳಗೆ ಲೋಟ ತೊಳೆಯುತ್ತಿದ್ದ. ಇಡೀ ವಾರ್ಡು ಅವನನ್ನು ಕೆಟಲಣ್ಣ ಎನ್ನುತ್ತಿತ್ತು. ನನ್ನ ತಂದೆಯ ವಯಸ್ಸಿನವನು, ನನ್ನನ್ನು ಅಕ್ಕಾ ಅನ್ನುತ್ತಿದ್ದ.

"ಕೆಟಲಣ್ಣ, ಒಂದು ಉಪಕಾರ. ನಮ್ಮಪ್ಪನ್ನ ಗಾಲಿಕುರ್ಚೀಲಿ ಕಾರಿಡಾರಿನ ತಿರುವಿಗೆ ಕರ್ಕೊಂಡು ಬರ್ತೀನಿ. ನಾನು ಕೆಮ್ಮಿದ ತಕ್ಷಣ ನೀನು ಆ ಕಡೆಯಿಂದ ಬಂದು 'ತೆಗೆಸಿಬಿಡಿ' ಅಂತ ಗಟ್ಟಿಯಾಗಿ ಹೇಳ್ಬೇಕು."

"ಏನನ್ನ?"

"ಏನನ್ನೂ ಅಲ್ಲ. ಬರೀ ತೆಗೆಸಿಬಿಡಿ. ಯಾರಿಗೋ ಹೇಳೋ ಹಾಗೆ."

"ಟೀ ಮಾರೋನು ಯಾರಿಗಕ್ಕಾ ತೆಗೆಸಿಬಿಡಿ ಅಂತಾನೆ?"

"ಯಾರೋ ಹಲ್ಲು ನೋವು ಅಂದ್ರು ಅಂದ್ಕೋ."

"ಯಾರು?"

"ಅಯ್ಯೋ ದೇವರೇ!"

"ಅಲ್ಲಾ, ಹೇಳೋನು ಸರಿಯಾಗಿ ತಿಳ್ಕೊಂಡು ಹೇಳ್ಬೇಕಲ್ವಾ? ಮೇಲಿನ ಹಲ್ಲಾ, ಕೆಳಗಿಂದಾ?"

"ಕೆಳಗಿಂದು!"

"ತೆಗೆಸಿಬಿಡಿ," ಅಂತ ಅವನು ಲೋಟಕ್ಕೆ ಹೇಳಿ ನೋಡಿದ. "ತೆಗೆಸಿಬಿಡೀ. ತೆಗೆಸಿ, ಬಿಡಿ. ಯಾವುದು ಚೆನ್ನಾಗಿದೆ?"

ಇದು ಮೋಸ ಎಂದು ನನಗೆ ಗೊತ್ತಿತ್ತು. ದೇವರ ಹೆಸರಿನಲ್ಲಿ ನಾನು ಟೀ ಮಾರುವವನಿಗೆ ಮಾತು ಕಲಿಸುತ್ತಿದ್ದೆ. ಆದರೆ ನನ್ನ ಬಾಯಿಂದ ಬೇಡ ಅನ್ನಿಸಿದವನು ದೇವರೇ ಆದರೆ, ಅವನೂ ನನ್ನನ್ನು ಕೇಳಿ ಅನ್ನಿಸಿರಲಿಲ್ಲ.

ಅಪ್ಪ ಜಾಗ ಬದಲಿಸಲು ಒಪ್ಪಿದ. ಒಪ್ಪಿದ ರೀತಿ ನೋಡಿದರೆ, 'ಬೇಡ' ಅವನ ಮನಸ್ಸಿಗೂ ಪೂರ್ತಿ ಇಳಿದಿರಲಿಲ್ಲ. ಗಾಲಿಕುರ್ಚಿಯನ್ನು ತಿರುವಿಗೆ ತಳ್ಳಿಕೊಂಡು ಹೋಗಿ, ಗೋಡೆಗೆ ನೇತುಹಾಕಿದ್ದ ಮರಳಿನ ಬಕೆಟ್ಟುಗಳ ಎದುರು ನಿಲ್ಲಿಸಿದೆ. ಅತ್ತೆ ಪಕ್ಕದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು, ಅಕಸ್ಮಾತ್ ಏನಾದರೂ ಅಂದುಬಿಟ್ಟರೆ ಎಂದು. ಅಪ್ಪ ಕಣ್ಣು ಮುಚ್ಚಿದ. ಕೈ ಎದೆಗೆ ಹೋಯಿತು. ತುಟಿ ಅಲುಗಿ, ನಿಂತಿತು.

ಕೆಮ್ಮಿದೆ.

ಕೆಟಲಣ್ಣ ತಿರುವಿನ ಆಚೆಯಿಂದ ಬಂದ. ಬಂದು, ಕಾರಿಡಾರಿನ ನಟ್ಟನಡುವೆ, ಎರಡೂ ಕಾಲು ಅಗಲಿಸಿ ನಿಂತ. ಕೆಟಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಗಂಟಲು ಸರಿಮಾಡಿಕೊಂಡ. ಉಸಿರು ಎಳೆದುಕೊಂಡ. ಕಣ್ಣಿನಲ್ಲೇ ನನ್ನನ್ನು ಕೇಳಿದ: ಈಗ್ಲೇನಾ? ನಾನು ಮತ್ತೆ ಕೆಮ್ಮಿದೆ. ಅಷ್ಟರಲ್ಲಿ ಅವನ ಬೆನ್ನ ಹಿಂದೆ ಇಬ್ಬರು ಸ್ಟ್ರೆಚರ್ ತಳ್ಳಿಕೊಂಡು ಓಡಿ ಬಂದರು.

"ಬಿಡಿ, ಬಿಡಿ! ಬಿಡೀ!"

ಕೆಟಲಣ್ಣ ಗೋಡೆಗೆ ಅಂಟಿಕೊಂಡ. ಸ್ಟ್ರೆಚರ್ ಹೋಯಿತು, ಅದರ ಹಿಂದೆ ಯಾರದೋ ಮನೆಯವರು ಓಡಿದರು. ಕಾರಿಡಾರು ಖಾಲಿಯಾಯಿತು. ಕೊಟ್ಟ ಮಾತು ತಪ್ಪುವವನಲ್ಲ ಕೆಟಲಣ್ಣ. ಗೋಡೆಯಿಂದ ಕಿತ್ತುಕೊಂಡು ಬಂದು, ಇಡೀ ಮಹಡಿಗೆ ಕೇಳಿಸುವ ಹಾಗೆ ಕೂಗಿದ:

"ತೆಗೆಸಿಬಿಡೀ!"

"ಎರಡನೇದು ಲೆಕ್ಕಕ್ಕಿಲ್ಲ," ಅಂದಳು ಅತ್ತೆ. ಆಮೇಲೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಏನು ತೆಗೆಸ್ಬೇಕಂತೆ ಇವನಿಗೆ?"

"ಹಲ್ಲು," ಅಂದ ಕೆಟಲಣ್ಣ. "ಕೆಳಗಿಂದು."

ರೂಮಿಗೆ ವಾಪಸು ಬರುವ ದಾರಿಯಲ್ಲೇ ಜಗಳ ಶುರುವಾಯಿತು.

"ಬಿಡಿ ಅಂತ ಬಂತು," ಅಂದಳು ಅತ್ತೆ. "ಬಿಡಿ ಅಂದ್ರೆ ಹಾಗೇ ಬಿಡಿ, ಕೈ ಹಚ್ಚಬೇಡಿ ಅಂತ. ಎರಡು ಸಲಾನೂ ಒಂದೇ ಉತ್ತರ."

"ಬಿಡಿ ಅಂದ್ರೆ ಬಿಟ್ಟುಬಿಡಿ ಅಂತ. ಕಾಲಿನ ಆಸೆ ಬಿಡಿ ಅಂತ. ಹೋಗೋದು ಹೋಗ್ಲಿ ಬಿಡಿ ಅನ್ನಲ್ವಾ?"

"ಅವನು ಹೋಗ್ಲಿ ಅಂದ್ನಾ? ಇಲ್ಲದ ಮಾತು ಸೇರಿಸ್ಬೇಡ."

"ನೀನು ಹಾಗೇ ಅಂತ ಸೇರಿಸ್ದೆಯಲ್ಲ!"

"ಬಿಡೇ, ನಿನ್ನ ಹತ್ರ ಯಾರು ವಾದ ಮಾಡ್ತಾರೆ."

"ಈಗ ನೀನು ಬಿಡೇ ಅಂದ್ಯಲ್ಲ, ಅದಕ್ಕೇನರ್ಥ? ಹೇಳು! ಹಾಗೇ ಬಿಡ್ಬೇಕಾ, ತೆಗೆದು ಬಿಡ್ಬೇಕಾ?"

ಸ್ಟ್ರೆಚರ್‌ನವನು ಖಾಲಿ ಸ್ಟ್ರೆಚರ್ ತಳ್ಳಿಕೊಂಡು ವಾಪಸು ಬರುತ್ತಿದ್ದ. ನಾನು ಅವನನ್ನು ತಡೆದು, ಆಗ ಬಿಡಿ ಅಂದಿದ್ದು ಯಾವ ಅರ್ಥದಲ್ಲಿ ಎಂದು ಕೇಳಿಯೇಬಿಟ್ಟೆ. ನನ್ನ ಮುಖವನ್ನೇ ನೋಡುತ್ತ, "ದಾರಿ ಬಿಡಿ ಅಂದೆನಮ್ಮಾ. ಈಗ್ಲೂ ಅದನ್ನೇ ಅಂತಿದ್ದೀನಿ," ಅಂದ.

ಕುರ್ಚಿಯಲ್ಲಿದ್ದ ಅಪ್ಪ ಮಾತ್ರ ನಮ್ಮ ಜಗಳಕ್ಕೆ ಸೇರಲಿಲ್ಲ. "ಅವನನ್ನ ಯಾಕೆ ಕೇಳ್ತೀಯ," ಅಂದ ಅಷ್ಟೇ. "ಆಡಿದೋನಿಗೆ ಏನು ಗೊತ್ತಿರುತ್ತೆ." ಮಂಚಕ್ಕೆ ಹತ್ತಿಸಿದ ಮೇಲೆ ಗೋಡೆಯ ಕಡೆ ತಿರುಗಿಕೊಂಡ.

ನಾನು ಮೆಟ್ಟಿಲಿಗೆ ಹೋದೆ. ಎರಡು ಮಹಡಿಗಳ ನಡುವೆ, ಕಿಟಕಿ ಇರುವ ಕಡೆ ಕೂತೆ. ಗಾಜಿನ ಆಚೆ ಆಸ್ಪತ್ರೆಯ ಹಿತ್ತಿಲು: ಮುರಿದ ಮಂಚಗಳು, ಒಣಹಾಕಿದ ಬಿಳಿ ಬಟ್ಟೆ. ಕೆಲಸದಲ್ಲಿ ನನಗೆ ಇರುವುದು ಒಂದೇ ನಿಯಮ: ಗಾಡಿಯ ಹೆಸರು, ಎಲ್ಲಿಂದ, ಎಲ್ಲಿಗೆ, ಯಾವ ಪ್ಲಾಟ್‌ಫಾರಂ. ಎರಡರ್ಥ ಬರುವ ಹಾಗೆ ಹೇಳಿದರೆ ಜನ ಹಳಿ ದಾಟಿ ಓಡುತ್ತಾರೆ, ಸಾಯುತ್ತಾರೆ. ಇಷ್ಟು ಸಣ್ಣ ವಿಷಯ ಮೈಕಿನ ಮುಂದೆ ಕೂರುವ ನನಗೆ ಗೊತ್ತು.

'ನಿನಗೆ ಯಾಕೆ ಗೊತ್ತಿಲ್ಲ?' ಅಂದೆ ದೇವರಿಗೆ, ಮನಸ್ಸಿನಲ್ಲೇ. 'ಅಪ್ಪ ಹುಟ್ಟಿದಾಗಿಂದ ನಿನ್ನನ್ನೇ ಕೇಳ್ತಿದ್ದಾನೆ. ಒಂದು ದಿನ, ಒಂದೇ ಒಂದು ದಿನ ನೆಟ್ಟಗೆ ಮಾತಾಡೋಕೆ ನಿಂಗೇನು ರೋಗ? ಬಕೆಟ್ಟು ತುಂಬಿಸ್ಕೊಳ್ಳೋರ ಬಾಯಲ್ಲಿ, ಸ್ಟ್ರೆಚರ್ ತಳ್ಳೋರ ಬಾಯಲ್ಲಿ ಯಾಕೆ ಹೇಳಿಸ್ತೀಯ? ನಾನೂ ಕೇಳ್ತಿದ್ದೀನಿ. ಏನು ಮಾಡ್ಲಿ, ಹೇಳು.'

ಬೈಯಲು ಶುರುಮಾಡಿದ್ದು ಕೊನೆಗೆ ಬೇರೇನೋ ಆಗಿತ್ತು. ನಾಚಿಕೆ ಬಿಟ್ಟು ಹೇಳುವುದಾದರೆ, ಕಣ್ಣು ಮುಚ್ಚಿದ್ದೆ. ಕೈ ಎಲ್ಲಿತ್ತು ಎಂದು ಹೇಳುವುದಿಲ್ಲ.

ಲಿಫ್ಟಿನ ಗರಗರ ಕೇಳಿಸಿತು. ಯಾರದೋ ಚಪ್ಪಲಿ ಮೆಟ್ಟಿಲು ಹತ್ತಿ ಹೋಯಿತು, ಏನೂ ಮಾತಾಡದೆ. ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಬೆಳಗಿನಿಂದ ಒಂದು ನಿಮಿಷ ಬಾಯಿ ಮುಚ್ಚಿರದಿದ್ದ ಆಸ್ಪತ್ರೆಯಲ್ಲಿ ಈಗ ಒಬ್ಬರ ದನಿಯೂ ಇಲ್ಲ. ಕಾದೆ. ಕತ್ತು ನೋಯುವವರೆಗೆ ಕಾದೆ. ಆಮೇಲೆ ಎದ್ದು ಸೀರೆ ಕೊಡವಿಕೊಂಡೆ. ನನಗೆ ಕೇಳಿಸಿದ್ದು ಅಷ್ಟೇ, ಏನೂ ಇಲ್ಲ.

ನಾನು ಹೋಗುವಷ್ಟರಲ್ಲಿ ಡಾಕ್ಟರಮ್ಮ ಮಂಚದ ಹತ್ತಿರ ಬಗ್ಗಿ ನಿಂತಿದ್ದರು. ಬೆಳಿಗ್ಗೆ ಎಳೆದ ಗೆರೆ ಹಾಗೇ ಇತ್ತು. ಕೆಂಪು ಅದನ್ನು ದಾಟಿ ಮೇಲೆ ಬಂದಿತ್ತು, ಗೆರೆ ಯಾರೋ ಮರೆತುಹೋದ ದಾರದ ಹಾಗೆ ಕೆಂಪಿನ ನಡುವೆ ಬಿದ್ದಿತ್ತು.

"ಥಿಯೇಟರ್ ಖಾಲಿ ಮಾಡಿಸಿ ಇಟ್ಟಿದ್ದೀನಿ," ಅಂದರು. "ನಾನು ಪಕ್ಕದ ವಾರ್ಡು ಮುಗಿಸ್ಕೊಂಡು ಬರ್ತೀನಿ. ಅಷ್ಟರಲ್ಲಿ ಹೌದು ಅಂದ್ರೆ ಪಾದ. ನಾಳೆ ಹೌದು ಅಂದ್ರೆ ಎಷ್ಟು ಅಂತ ನಾನು ಹೇಳಲಾರೆ. ಮತ್ತೆ ಹೇಳ್ತೀನಿ, ಮಾಡಿಸ್ಕೊಳ್ಳೋದಾದ್ರೆ ಈಗಿನಿಂದ್ಲೇ ಒಂದು ಗುಟುಕು ಟೀ ಕೂಡ ಕುಡೀಬೇಡಿ."

ಅವರು ಹೋದರು. ಅತ್ತೆ ಕಣ್ಣೊರೆಸಿಕೊಳ್ಳುತ್ತ ಲೋಟ ತೆಗೆದುಕೊಂಡು ಅವರ ಹಿಂದೆಯೇ ಹೊರಗೆ ಹೋದಳು. ಏನು ಮಾಡಲೂ ತೋಚದಿದ್ದಾಗ ಅಣ್ಣನಿಗೆ ಟೀ ತರುವುದು ಅವಳ ಅಭ್ಯಾಸ.

"ಪುಟ್ಟೀ," ಅಂದ ಅಪ್ಪ, ಗೋಡೆಯ ಕಡೆಗೇ ಮುಖ ಮಾಡಿ. "ನಮ್ಮ ಅಂಗಡೀಲಿ ಬಿಡಿ ಅಂದ್ರೆ ಏನು?"

ಅಂಗಡಿಯ ಅಟ್ಟದ ಮೇಲೆ ಒಂದು ದೊಡ್ಡ ಬುಟ್ಟಿ ಇದೆ. ಜೊತೆ ಕಳೆದುಕೊಂಡ ಶೂಗಳೆಲ್ಲ ಅದರಲ್ಲಿ. ಒಂದನ್ನು ನಾಯಿ ಕಚ್ಚಿಕೊಂಡು ಹೋಗಿತ್ತು, ಇನ್ನೊಂದರ ಜೊತೆ ಒಲೆಯ ಪಕ್ಕ ಒಣಗಿಸುವಾಗ ಸುಟ್ಟಿತ್ತು, ಮತ್ತೊಂದರದು ಅಳತೆ ತಪ್ಪಿ ಬಿಚ್ಚಿಹಾಕಿದ್ದು. ಜೋಡಿ ಇದ್ದರೆ ಜೊತೆ, ಇಲ್ಲದಿದ್ದರೆ ಬಿಡಿ. ಚಿಕ್ಕಂದಿನಲ್ಲಿ ನಾನು ಆ ಬುಟ್ಟಿಯೊಳಗೆ ಕೂತು ಬಿಡಿಗಳಿಗೆಲ್ಲ ಮದುವೆ ಮಾಡಿಸುತ್ತಿದ್ದೆ.

"ಒಂಟಿ ಶೂ," ಅಂದೆ.

"ಹ್ಞೂಂ."

ಒಂಟಿ ಶೂ ಎಂದರೆ ಒಂಟಿ ಕಾಲು. "ಅಪ್ಪಾ. ಆಗ್ಲೇ ಗೊತ್ತಾಯ್ತಾ ನಿಂಗೆ?"

"ಅವನ ಬಾಯಿಂದ ಬೀಳೋ ಹೊತ್ತಿಗೇ."

"ಮತ್ತೆ ಯಾಕೆ ಹೇಳ್ಲಿಲ್ಲ? ನಾನು ಅತ್ತೆ ಅಲ್ಲಿ ಬೀದಿನಾಯಿಗಳ ಹಾಗೆ ಕಿತ್ತಾಡ್ತಾ ಇದ್ವಲ್ಲ! ಉತ್ತರ ಬಂತು, ಅರ್ಥಾನೂ ಆಯ್ತು, ಆಮೇಲೂ ಗೋಡೆ ನೋಡ್ಕೊಂಡು ಮಲಗಿದ್ದೀಯಲ್ಲ!"

"ಅರ್ಥ ಆಯ್ತು. ಅದಕ್ಕೇ ಇನ್ನೊಂದ್ಸಲ ಕೇಳೋಣ ಅಂತ."

"ಇನ್ನೊಂದ್ಸಲ! ನಿಂಗೆ ಬೇಕಾದ್ದು ಬರೋವರೆಗೂ ಕೇಳ್ತಾ ಇರ್ತೀಯಾ? ನನ್ನ ಮದುವೆಗೆ ಇನ್ನೊಂದ್ಸಲ ಕೇಳಿದ್ಯಾ? ಪಕ್ಕದ ಮನೆಯೋಳ ಬಕೆಟ್ಟು ತುಂಬ್ತು, ಮುಗೀತು! ನನ್ನ ಸಲ ಒಂದೇ ಮಾತು, ನಿನ್ನ ಕಾಲಿಗೆ ಮೇಲಿಂದ ಮೇಲೆ. ದೇವರಿಗೂ ಬೇಜಾರಾಗಿರುತ್ತೆ ಅಪ್ಪ. ಅದಕ್ಕೇ ಬಾಯಿ ಮುಚ್ಕೊಂಡಿರೋದು."

ಅಪ್ಪ ತಿರುಗಿ ನನ್ನನ್ನು ನೋಡಿದ. ಗಡಿಯಾರದವನ ವಿಷಯ ನಾನು ಅವನೆದುರು ಎತ್ತಿದ್ದು ಅದೇ ಮೊದಲು. ಬೇರೆಯೇ ಕೇಳಿದ.

"ಆ ಬುಟ್ಟೀಲಿರೋದ್ರಲ್ಲಿ ಒಂದನ್ನಾದ್ರೂ ನಾನು ಎಸೆದಿದ್ದೀನಾ?"

"ಇಲ್ಲ."

"ಯಾರಾದ್ರೂ ಒಂದನ್ನ ಬಂದು ತಗೊಂಡಿದ್ದಾರಾ?"

"ಇಲ್ಲ."

"ಅದೇ ಮತ್ತೆ. ಎಸೆಯೋಕೂ ಆಗಲ್ಲ, ಯಾರಿಗೂ ಬೇಕಾಗೋದೂ ಇಲ್ಲ," ಅಂದ.

ಆಮೇಲೆ ಕೈ ಊರಿ ಎದ್ದು, ದಿಂಬಿಗೆ ಒರಗಿ ಕೂತ. ಉಸಿರಾಟ ಬಿರುಸಾಗಿತ್ತು. ಮುಖದ ಮೇಲೆ ಜ್ವರದ ಬೆವರು. "ಇನ್ನು ಹೊರಗಿನವರ ಮಾತು ಬೇಡ. ಬೆಳಿಗ್ಗೆ ನಿನ್ನ ಬಾಯಿಂದ್ಲೇ ತಾನೇ ಬಂದಿದ್ದು? ಈಗ್ಲೂ ನೀನೇ ಹೇಳು. ಕಣ್ಣು ಮುಚ್ಕೋತೀನಿ. ನೀನು ಮೊದಲು ಏನು ಅಂತೀಯೋ ಅದು. ಯಾವ ತಕರಾರೂ ಇಲ್ಲ. ಡಾಕ್ಟ್ರಿಗೆ ಅದನ್ನೇ ಹೇಳ್ಬಿಡ್ತೀನಿ."

ಕಣ್ಣು ಮುಚ್ಚಿದ. ಕೈ ಎದೆಗೆ ಹೋಯಿತು.

ಬೆಳಗಿನಿಂದ ನಾನು ಒದ್ದಾಡಿದ್ದು ಇದಕ್ಕೇ ಅಲ್ಲವೇ? 'ಮಾಡಿಸು' ಎಂದರೆ ಮುಗಿಯಿತು. ನಾಲಿಗೆಯ ತುದಿಯಲ್ಲಿತ್ತು. ಆದರೆ ನಾಳೆ ಬೆಳ್ಳಂಬೆಳಿಗ್ಗೆ ಹೊದಿಕೆ ಸರಿಸಿ ಕೆಳಗೆ ನೋಡುವವನು ಅವನು. ಆ ಜಾಗ ಖಾಲಿಯಿರುವುದು ನನ್ನ ಮಾತಿನಿಂದ ಎಂದು ಅವನಿಗೆ ಅನ್ನಿಸುತ್ತದೆ, ಬಾಯಿಬಿಟ್ಟು ಎಂದೂ ಹೇಳುವುದಿಲ್ಲ, ನಾನು ಗಡಿಯಾರದವನ ಮಾತು ಎತ್ತದೆ ಇಷ್ಟು ವರ್ಷ ಬದುಕಿದ ಹಾಗೆ ಅವನೂ ಬದುಕುತ್ತಾನೆ. ಬೇಡವೇ ಬೇಡ. 'ನಾನು ಹೇಳಲ್ಲ' ಎನ್ನಲು ಬಾಯಿ ತೆರೆದವಳು ಹಲ್ಲು ಕಚ್ಚಿಕೊಂಡೆ. 'ಹೇಳಲ್ಲ' ಅಂದರೆ ಅದೇ ಉತ್ತರವಾಗುತ್ತದೆ. 'ಇಲ್ಲ' ಅಂದರೂ ಉತ್ತರ. 'ಅಪ್ಪಾ' ಅಂದರೂ ಅದಕ್ಕೊಂದು ಅರ್ಥ ಹುಟ್ಟಿಸುತ್ತಾರೆ ಈ ಅಣ್ಣ ತಂಗಿ. ಹೊಟ್ಟೆಪಾಡಿಗೆ ಮಾತಾಡುವ ನನಗೆ ಆಗ ಒಂದು ಕೆಮ್ಮಿನಷ್ಟೂ ಜಾಗ ಇರಲಿಲ್ಲ.

ಎದ್ದೆ. ತುದಿಗಾಲಲ್ಲಿ ಹೋಗಿ ಬಾಗಿಲು ಹಾಕಿದೆ. ಹೊರಗೆ ಯಾರೋ ನಗುತ್ತ ಬರುತ್ತಿದ್ದರು, ಅವರು ಹತ್ತಿರವಾಗುವ ಮೊದಲೇ ಚಿಲಕ ಸಿಕ್ಕಿಸಿದೆ. ಕಿಟಕಿಯನ್ನು ಎಳೆದು ಮುಚ್ಚಿದೆ. ಫ್ಯಾನಿನ ಸದ್ದು ಉಳಿಯಿತು. ವಾಪಸು ಬಂದು ಮಂಚದ ತುದಿಯಲ್ಲಿ, ಅವನ ಎಡಗಾಲಿನ ಪಕ್ಕ ಕೂತು, ಅಂಗೈಯಿಂದ ಬಾಯಿ ಮುಚ್ಚಿಕೊಂಡೆ.

ಅಪ್ಪ ಕಾದ. ಹುಬ್ಬು ಒಮ್ಮೆ ಗಂಟಾಯಿತು. ತಲೆಯನ್ನು ಸ್ವಲ್ಪ ಓರೆ ಮಾಡಿ ನನ್ನ ಕಡೆಗೆ ಕಿವಿಯೊಡ್ಡಿದ. ನಾನು ಅಲುಗಲಿಲ್ಲ. ಅವನು ಇನ್ನೂ ಕಾದ. ಮೆಟ್ಟಿಲ ಮೇಲೆ ನನಗೆ ಕೇಳಿಸಿದ್ದು ಈಗ ಅವನಿಗೂ ಕೇಳಿಸುತ್ತಿತ್ತು ಎಂದು ತೋರುತ್ತದೆ. ನಾನು ಅದನ್ನು ಏನೂ ಇಲ್ಲ ಎಂದುಕೊಂಡು ಎದ್ದು ಬಂದಿದ್ದೆ. ಅವನು ಏಳಲಿಲ್ಲ, ಅದರೊಳಗೇ ಕೂತಿದ್ದ.

ಕೊನೆಗೆ ತಾನಾಗಿಯೇ ಕಣ್ಣು ತೆರೆದ. ಎದೆಯ ಮೇಲಿನ ಕೈ ಇಳಿಸಿದ. ಆ ಕೈ ಹೊದಿಕೆಯ ಮೇಲೆ ಜರುಗಿ, ಪಾದದವರೆಗೆ ಬಂದು, ಅಳತೆ ತೆಗೆದುಕೊಳ್ಳುವವರ ಹಾಗೆ ಹಿಮ್ಮಡಿಯಿಂದ ಬೆರಳಿನವರೆಗೆ ಒಮ್ಮೆ ಸವರಿತು. ನನ್ನ ಕಡೆ ನೋಡಲಿಲ್ಲ.

ಬಾಗಿಲು ದಡದಡ ಬಡಿಯಿತು. "ಯಾರೇ ಚಿಲಕ ಹಾಕಿದ್ದು? ಕೈ ಸುಡ್ತಿದೆ!"

ತೆಗೆದೆ. ಅತ್ತೆ ಸೆರಗಿನಲ್ಲಿ ಲೋಟ ಹಿಡಿದುಕೊಂಡು ನುಗ್ಗಿದಳು. ಹಿಂದೆ ಬಾಗಿಲಲ್ಲಿ ಕೆಟಲಣ್ಣ. "ತಗೋ ಅಣ್ಣಾ," ಅಂದಳು ಅತ್ತೆ, ಹಬೆಯಾಡುತ್ತಿದ್ದ ಲೋಟವನ್ನು ಅವನ ಮುಂದೆ ಚಾಚಿ. "ಇವನು ನಿಂಗೇ ಅಂತ ಬೇರೆ ಮಾಡಿದ್ದಾನೆ, ಗಟ್ಟಿಯಾಗಿ. ಇನ್ನೂ ಏನೂ ತೀರ್ಮಾನ ಆಗಿಲ್ವಲ್ಲ, ಕುಡಿ."

ಅಪ್ಪ ಲೋಟವನ್ನು ನೋಡಿದ.

"ಬೇಡ," ಅಂದ.